ಸೇಡಿನ ಕಥೆಯ ಸೆಳೆತ

ಮಳೆಗಾಲ ಹಿಂಜರಿದು ಗದ್ದೆಗಳ ಕೊಯ್ಲು ಮುಗಿಯುವ ಹೊತ್ತಿಗೆ ವಂಡ್ಸೆಯ ಸೀಮೆಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಆರಂಭವಾಗುತ್ತದೆ. ಹತ್ತಿರದ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರ ಸನ್ನಿಧಿಯ ಮೇಳ ಭಕ್ತರ ಹರಕೆಯ ಬಯಲಾಟಗಳನ್ನಾಡುತ್ತ ಊರಿಂದೂರಿಗೆ ಸಾಗುತ್ತದೆ. ಪ್ರಸಂಗ ಯಾವುದೇ ಇರಲಿ, ನೋಡುವವರಲ್ಲಿ ಅರ್ಧ ಜನ ತೂಕಡಿಸುವ ಘಳಿಗೆಯೊಂದು ಬಂದೇ ಬರುತ್ತದೆ. ಆದರೆ ಕೀಚಕವಧೆಯ ಆಟದಲ್ಲಿ ಸೈರಂಧ್ರಿಯ ಕಣ್ಣೀರು ಮುಗಿದು, ಅಡುಗೆಯ ವಲಲ ನಾಟ್ಯಶಾಲೆಯ ಕತ್ತಲಲ್ಲಿ ಕಾದು ಕುಳಿತನೆಂದರೆ ಸಾಕು, ಮಗ್ಗುಲಲ್ಲಿ ಮೊಮ್ಮಗುವನ್ನು ಮಲಗಿಸಿಕೊಂಡ ಅಜ್ಜಿಯೂ ನೆಟ್ಟಗೆ ಕುಳಿತುಕೊಳ್ಳುತ್ತಾಳೆ. ಇರುವೆಗೆ ಸಕ್ಕರೆ ಇಡುವ ಕೈ ಅವಳದು, ಏಕಾದಶಿಯ ಉಪವಾಸ ತಪ್ಪಿಸದ ಜೀವ ಅವಳದು. ಆದರೂ ಭೀಮನ ಮುಷ್ಟಿ ಕೀಚಕನ ಮೇಲೆ ಬೀಳುವಾಗ ಆ ಮುಖದಲ್ಲಿ ಮೂಡುವ ತೃಪ್ತಿ ಸುಳ್ಳಲ್ಲ.

ಅಂಥ ಅಜ್ಜಿಯರ ಮೊಮ್ಮಕ್ಕಳು ಇಂದು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಸಂಸಾರ ಹೂಡಿದ್ದಾರೆ. ರಾತ್ರಿಯ ಊಟವಾದ ಮೇಲೆ, ಮಕ್ಕಳು ಮಲಗಿದುದನ್ನು ನೋಡಿಕೊಂಡು, ಗಂಡಹೆಂಡಿರು ದೂರದರ್ಶನದ ಪೆಟ್ಟಿಗೆಯ ಮುಂದೆ ಕೂಡುತ್ತಾರೆ. ತೆರೆಯ ಮೇಲೆ ಮಳೆ, ಕತ್ತಲು, ಒದ್ದೆ ಬೀದಿಯಲ್ಲಿ ಒಬ್ಬಂಟಿ ದೀಪ. ಅನ್ಯಾಯಕ್ಕೆ ಗುರಿಯಾದ ಒಬ್ಬಾತ ವರ್ಷಾನುಗಟ್ಟಲೆ ಕಾದು ಸೇಡು ತೀರಿಸಿಕೊಳ್ಳಲು ಹೊರಟಿದ್ದಾನೆ. ಬಲ್ಲವರು ಈ ಜಾತಿಯ ಚಿತ್ರಗಳಿಗೆ ‘ನಿಯೋ ನುವಾರ್’ ಎಂದು ಹೆಸರಿಟ್ಟಿದ್ದಾರೆ. ಹೆಸರು ಹೊಸದು, ಸೆಳೆತ ಮಾತ್ರ ಆ ಅಜ್ಜಿಯದೇ. ನೆರೆಮನೆಯವರೊಡನೆ ಗಟ್ಟಿಯಾಗಿ ಮಾತನಾಡಲೂ ಹಿಂಜರಿಯುವ ಸಭ್ಯ ಕುಟುಂಬಕ್ಕೆ ಇಂಥ ರಕ್ತದ ಕಥೆ ಏಕೆ ರುಚಿಸಬೇಕು? ಅದು ಮನಸ್ಸಿನ ರೋಗವೋ, ಮನಸ್ಸಿಗೆ ಮದ್ದೋ? ಕೇಳಿಕೊಳ್ಳಲೇಬೇಕಾದ ಪ್ರಶ್ನೆಯಿದು.

ಕಪ್ಪು ಚಿತ್ರಗಳ ವಂಶಾವಳಿ

‘ನುವಾರ್’ ಎಂದರೆ ಫ್ರೆಂಚ್ ನುಡಿಯಲ್ಲಿ ಕಪ್ಪು. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ದೇಶ ಜರ್ಮನರ ಹಿಡಿತದಲ್ಲಿದ್ದಾಗ ಅಮೆರಿಕದ ಚಿತ್ರಗಳು ಅಲ್ಲಿಗೆ ಬರುವಂತಿರಲಿಲ್ಲ. ಯುದ್ಧ ಮುಗಿದೊಡನೆ ಅವು ಒಟ್ಟಾಗಿ ಬಂದು ಪ್ಯಾರಿಸ್ಸಿನ ಚಿತ್ರಮಂದಿರಗಳನ್ನು ತುಂಬಿದವು. ‘ದಿ ಮಾಲ್ಟೀಸ್ ಫಾಲ್ಕನ್’ (1941), ‘ಡಬಲ್ ಇಂಡೆಮ್ನಿಟಿ’ (1944) ಮೊದಲಾದವನ್ನು ಒಟ್ಟಿಗೆ ಕಂಡ ವಿಮರ್ಶಕ ನಿನೋ ಫ್ರಾಂಕ್ 1946ರಲ್ಲಿ ಅವುಗಳಿಗೆ ‘ಕಪ್ಪು ಚಿತ್ರಗಳು’ ಎಂಬ ಹೆಸರನ್ನು ಬಳಸಿದನು. ಅವುಗಳಲ್ಲಿ ನಾಯಕನೆಂದರೆ ಸದ್ಗುಣಗಳ ಗಣಿಯಲ್ಲ, ಖಳನೆಂದರೆ ಕೊಂಬು ಬಂದ ರಾಕ್ಷಸನಲ್ಲ. ಬೆಳಕಿಗಿಂತ ನೆರಳೇ ಹೆಚ್ಚು. ಈ ನೆರಳಿನ ಕೆಲಸವನ್ನು ಹಾಲಿವುಡ್ಡಿಗೆ ಕಲಿಸಿದವರಲ್ಲಿ ಹಿಟ್ಲರನ ಕಾಲದಲ್ಲಿ ಜರ್ಮನಿಯನ್ನು ತೊರೆದು ಬಂದ ಫ್ರಿಟ್ಸ್ ಲಾಂಗ್, ಬಿಲ್ಲಿ ವೈಲ್ಡರ್ ಮುಂತಾದವರು ಮುಖ್ಯರು. ನೆಲೆ ಕಳೆದುಕೊಂಡವರ ಕಣ್ಣಿಗೆ ಲೋಕ ಕಪ್ಪಾಗಿ ಕಂಡುದು ಸಹಜವಲ್ಲವೇ?

ಲಾಂಗನ ‘ದಿ ಬಿಗ್ ಹೀಟ್’ (1953) ಎಂಬ ಚಿತ್ರದಲ್ಲಿ ಪೋಲೀಸು ಅಧಿಕಾರಿಯೊಬ್ಬನ ಹೆಂಡತಿ ಅವನಿಗಾಗಿ ಇಟ್ಟ ಬಾಂಬಿಗೆ ಬಲಿಯಾಗುತ್ತಾಳೆ. ಕಾನೂನಿನ ಸೇವಕನು ಅಂದಿನಿಂದ ಸೇಡಿನ ಸೇವಕನಾಗುತ್ತಾನೆ. ಆಮೇಲೆ ಬಣ್ಣ ಬಂದಿತು, ಕಾಲ ಬದಲಾಯಿತು. ‘ಪಾಯಿಂಟ್ ಬ್ಲ್ಯಾಂಕ್’ (1967), ‘ಚೈನಾಟೌನ್’ (1974) ಮುಂತಾದ ಚಿತ್ರಗಳು ಹಳೆಯ ಕಪ್ಪನ್ನು ಹೊಸ ಬಣ್ಣದಲ್ಲಿ ಕಲಸಿದವು; ‘ನಿಯೋ’ ಎಂಬ ಉಪಪದ ಅಂಟಿಕೊಂಡುದು ಹೀಗೆ. ದಕ್ಷಿಣ ಕೊರಿಯಾದ ಪಾರ್ಕ್ ಚಾನ್-ವೂಕ್ 2002ರಿಂದ 2005ರ ಒಳಗೆ ಸೇಡಿನ ಮೇಲೆಯೇ 3 ಚಿತ್ರಗಳನ್ನು ನಿರ್ಮಿಸಿ ಲೋಕವನ್ನು ಬೆಚ್ಚಿಬೀಳಿಸಿದನು. ಅವುಗಳಲ್ಲಿ ನಡುವಣದಾದ ‘ಓಲ್ಡ್‌ಬಾಯ್’ (2003) ಏಕೆಂದು ತಿಳಿಯದೆಯೇ 15 ವರ್ಷ ಒಂದು ಕೋಣೆಯಲ್ಲಿ ಬಂಧಿಯಾಗಿದ್ದವನ ಕಥೆ. 2004ರ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಗ್ರಾಂಡ್ ಪ್ರಿ ಸಂದಿತು.

ಹಿಂದಿಯಲ್ಲಿ ಶ್ರೀರಾಮ್ ರಾಘವನ್ ಅವರ ‘ಬದ್ಲಾಪುರ್’ (2015) ಇದೇ ಕುಲಕ್ಕೆ ಸೇರಿದುದು. ಬ್ಯಾಂಕು ದರೋಡೆಯ ಗದ್ದಲದಲ್ಲಿ ಹೆಂಡತಿ ಮಗುವನ್ನು ಕಳೆದುಕೊಂಡವನು 15 ವರ್ಷ ಕಾಯುತ್ತಾನೆ. ಕಾದು ಕಾದು ಕೊನೆಗೆ ಅವನೇ ಕೊಲೆಗಾರನಾಗುತ್ತಾನೆ. ದರೋಡೆಕೋರನಲ್ಲಿ ಮನುಷ್ಯತ್ವದ ಎಳೆಯೊಂದು ಉಳಿದಿರುತ್ತದೆ. ಸೇಡಿಗೆ ಹೊರಟ ಸಜ್ಜನನಲ್ಲಿ ಅದೂ ಉಳಿದಿರುವುದಿಲ್ಲ. ಚಿತ್ರ ಮುಗಿಯುವಾಗ ಪ್ರೇಕ್ಷಕನಿಗೆ ತಾನು ಇಷ್ಟು ಹೊತ್ತು ಯಾರ ಪಕ್ಷ ವಹಿಸಿದ್ದೆನೆಂಬ ಅನುಮಾನ ಹುಟ್ಟುತ್ತದೆ. ಈ ಬಗೆಯ ಚಿತ್ರಗಳ ಬೇರು ಇರುವುದು ಆ ಅನುಮಾನದಲ್ಲಿಯೇ.

ವಿರಾಟನ ಸಭೆಯಲ್ಲಿ

ಇಷ್ಟೆಲ್ಲ ಪರದೇಶದ ಮಾತಾಯಿತು. ಕೀಚಕನ ಕಥೆಯನ್ನು ಇದೇ ದೀಪದಲ್ಲಿ ಇಟ್ಟು ನೋಡಿದರೆ ಹೊಸ ಚಿತ್ರದ ಸಾಮಗ್ರಿಯೆಲ್ಲ ಅಲ್ಲಿಯೇ ಒಟ್ಟಿಟ್ಟಿರುವುದು ಕಾಣುತ್ತದೆ. ಹೆಸರು ಮರೆಸಿಕೊಂಡು ಬದುಕುವ ರಾಜಪುತ್ರರು, ದಾಸಿಯ ವೇಷದ ರಾಣಿ, ಸೊಕ್ಕಿದ ಸೇನಾಪತಿ, ಸಂಕೇತಸ್ಥಳವೆಂದು ಸುಳ್ಳು ಹೇಳಿ ಕರೆತಂದ ಕತ್ತಲೆಯ ನಾಟ್ಯಶಾಲೆ. ಆದರೆ ಕಥೆಯ ಕೀಲು ನಾಟ್ಯಶಾಲೆಯಲ್ಲಿಲ್ಲ. ಅದಕ್ಕೆ ಮೊದಲು ನಡೆದ ರಾಜಸಭೆಯಲ್ಲಿದೆ. ಸೈರಂಧ್ರಿ ಮೊದಲು ಓಡಿ ಬಂದುದು ಭೀಮನ ಬಳಿಗಲ್ಲ, ದೊರೆಯ ಬಳಿಗೆ. ತುಂಬಿದ ಸಭೆಯಲ್ಲಿ ಕೀಚಕ ಅವಳನ್ನು ಒದೆಯುತ್ತಾನೆ. ವಿರಾಟರಾಯ ನೋಡಿಯೂ ನೋಡದವನಂತೆ ಇರುತ್ತಾನೆ. ಸೇನಾಪತಿ ರಾಣಿಯ ತಮ್ಮ. ರಾಜ್ಯ ನಿಂತಿರುವುದು ಅವನ ತೋಳ ಮೇಲೆ. ದೊರೆಗೆ ಅವನೆಂದರೆ ಅಂಜಿಕೆ.

ಸೇಡಿನ ಕಥೆ ಹುಟ್ಟುವುದು ಈ ಮೌನದಿಂದ. ದೊರೆ ಬಾಯಿ ತೆರೆದಿದ್ದರೆ ಭೀಮ ಅಡುಗೆಮನೆಯಲ್ಲಿಯೇ ಉಳಿಯುತ್ತಿದ್ದನು. ಎಲ್ಲಿ ನ್ಯಾಯ ಹೇಳಬೇಕಾದವರು ಕಣ್ಣು ತಪ್ಪಿಸುತ್ತಾರೋ ಅಲ್ಲಿ ಪ್ರೇಕ್ಷಕನ ಎದೆಯಲ್ಲಿ ಒಂದು ಲೆಕ್ಕ ಬಾಕಿಯುಳಿಯುತ್ತದೆ. ಬಾಕಿಯುಳಿದ ಲೆಕ್ಕ ತೀರಲಿ ಎಂಬ ತವಕವೇ ಮುಂದಿನ 2 ತಾಸು ಅವನನ್ನು ಆಸನಕ್ಕೆ ಅಂಟಿಸಿ ಕೂರಿಸುವ ಗೋಂದು. ದಿನಬಳಕೆಯ ಬದುಕಿನಲ್ಲಿ ಅವನ ಲೆಕ್ಕಗಳು ತೀರುವುದು ಅಪರೂಪ. ಕಛೇರಿಯಲ್ಲಿ ಬಡ್ತಿ ಬೇರೆಯವನ ಪಾಲಾಯಿತು. ಹಿರಿಯರ ಜಮೀನಿನ ವ್ಯಾಜ್ಯ ವಾಯಿದೆಯಿಂದ ವಾಯಿದೆಗೆ ಸರಿಯಿತು. ಸಾಲ ಕೊಂಡವನು ಬೀದಿಯಲ್ಲಿ ಎದುರಾದರೂ ಗುರುತು ಹಿಡಿಯದೆ ನಡೆದನು. ಸಭ್ಯತೆ ಎಂಬುದು ಇಂಥ ನೂರು ನುಂಗುವಿಕೆಗಳ ಮೊತ್ತ. ನುಂಗಿದುದು ಎಲ್ಲಿಗೂ ಹೋಗಿರುವುದಿಲ್ಲ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ನಿಜವಾಗುವುದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಅದರ ಬೆನ್ನಿಗೇ ಇರುತ್ತದೆ. ಅಂಗಡಿಯ ಲೆಕ್ಕದಂತೆ ಲೋಕದ ಲೆಕ್ಕವನ್ನೂ ಯಾರಾದರೂ ಚುಕ್ತಾ ಮಾಡುವುದು ಕಂಡರೆ ಮನಸ್ಸು ಹಗುರಾಗುತ್ತದೆ.

ಆದರೆ ಹಳೆಯ ಕವಿ ಅಷ್ಟಕ್ಕೆ ಕಥೆಯನ್ನು ಮುಗಿಸಲಿಲ್ಲ ಎಂಬುದು ಗಮನಾರ್ಹ. ಕೀಚಕ ಸತ್ತ ಮೇಲೆ ಅವನ ತಮ್ಮಂದಿರು ಸೈರಂಧ್ರಿಯನ್ನು ಅಣ್ಣನ ಹೆಣದೊಡನೆ ಸುಡಲು ಎಳೆದೊಯ್ಯುತ್ತಾರೆ. ಭೀಮ ಅವರನ್ನೂ ಕೊಲ್ಲಬೇಕಾಗುತ್ತದೆ. ಕೀಚಕನ ಸಾವಿನ ಸುದ್ದಿ ಹಸ್ತಿನಾವತಿಗೆ ಮುಟ್ಟಿ, ಅಂಥ ಬಲಶಾಲಿಯನ್ನು ಕೊಲ್ಲಬಲ್ಲವರಾರು ಎಂಬ ಶಂಕೆ ಕೌರವರಲ್ಲಿ ಮೂಡುತ್ತದೆ. ಅಜ್ಞಾತವಾಸವೇ ಬಯಲಾಗುವ ಅಪಾಯ ಒದಗುತ್ತದೆ. ವಿರಾಟನ ಗೋವುಗಳ ಮೇಲೆ ದಾಳಿ ನಡೆಯುತ್ತದೆ. ಒಂದು ಲೆಕ್ಕ ತೀರಿಸಹೋಗಿ ಬೇರೆ ಖಾತೆಗಳು ತೆರೆದುಕೊಂಡವು. ಸೇಡಿಗೆ ಬೆಲೆಯುಂಟು, ಆ ಬೆಲೆಯ ಚೀಟಿ ಕೈಗೆ ಬರುವುದು ಕೆಲಸ ಮುಗಿದ ಮೇಲೆ.

ಸಿಂಹದ ಹಿನ್ನೋಟ

ಕಪ್ಪು ಚಿತ್ರಗಳು ಕಥೆಯನ್ನು ಮೊದಲಿನಿಂದ ಹೇಳುವುದು ಅಪರೂಪ. ಮುಗಿಯುವ ಹಂತದಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡುವುದು ಅವುಗಳ ಜಾಯಮಾನ. ಇದನ್ನು ಪರದೇಶದ ಹೊಸ ತಂತ್ರವೆಂದು ಹೊಗಳುವವರುಂಟು. ಆದರೆ 982ರ ಸುಮಾರಿನಲ್ಲಿ ರಚಿತವಾದ ‘ಗದಾಯುದ್ಧ’ದಲ್ಲಿ ರನ್ನ ಮಾಡಿದುದೂ ಅದನ್ನೇ. ಭಾರತಯುದ್ಧದ ಕಡೆಯ ದಿನದಲ್ಲಿ ನಿಂತು, ಆ ದಿನದ ಒಡಲಿನಿಂದಲೇ ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ ಹೇಳಿದನು. ನಡೆಯುತ್ತ ನಡೆಯುತ್ತ ಸಿಂಹ ಕೊರಳು ತಿರುಗಿಸಿ ಹಿಂದೆ ನೋಡುವುದಿಲ್ಲವೇ, ಹಾಗೆ.

ರನ್ನನ ಕಾವ್ಯಕ್ಕೆ ‘ಸಾಹಸಭೀಮ ವಿಜಯ’ ಎಂಬ ಮತ್ತೊಂದು ಹೆಸರುಂಟು. ಸೇಡು ತೀರಿಸಿದ ಭೀಮನೇ ಅಲ್ಲಿ ನಾಯಕ. ಆದರೂ ಕಾವ್ಯವನ್ನು ಓದಿದವರ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನ. ಹೆಣಗಳ ನಡುವೆ ದಾರಿ ಬಿಡಿಸಿಕೊಳ್ಳುತ್ತ ತಮ್ಮ ದುಶ್ಶಾಸನನಿಗಾಗಿ, ಮಿತ್ರ ಕರ್ಣನಿಗಾಗಿ ಅಳುವ ದೊರೆ. ಶತ್ರುವಿನ ಮಗನಾದ ಅಭಿಮನ್ಯುವಿನ ಸಾಹಸಕ್ಕೂ ಕೈಮುಗಿಯುವ ದೊರೆ. ಓದುಗನು ಭೀಮನ ಪ್ರತಿಜ್ಞೆ ನೆರವೇರಲೆಂದು ಬಯಸುತ್ತಲೇ ದುರ್ಯೋಧನನ ತೊಡೆ ಮುರಿಯದಿರಲಿ ಎಂದೂ ಬಯಸುತ್ತಾನೆ. ಸಾವಿರ ವರ್ಷಗಳ ಹಿಂದೆಯೇ ಕನ್ನಡ ಓದುಗನಿಗೆ ಈ ಇಬ್ಬಂದಿಯ ಅಭ್ಯಾಸವಾಯಿತು. ಹೀಗಿರುವಾಗ ‘ಬದ್ಲಾಪುರ್’ ಕಂಡು ಬೆರಗಾಗುವುದೇಕೆ?

ಕನ್ನಡ ತೆರೆಯ ಮೇಲೆ

ಕನ್ನಡದ ಮನೆಗಳಲ್ಲಿ ಅಪರಾಧದ ಕಥೆಗೆ ಬಾಗಿಲು ತೆರೆದವರು ಪತ್ತೇದಾರಿ ಕಾದಂಬರಿಕಾರರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಓದಿ ಬೆಳೆದವರು ಅಸಂಖ್ಯ. ಆ ಕಥೆಗಳಲ್ಲಿ ಕೊನೆಯ ಪುಟಕ್ಕೆ ಬರುವಾಗ ಲೋಕ ಸರಿಹೋಗುತ್ತಿತ್ತು: ಕಳ್ಳ ಸಿಕ್ಕನು, ಪೋಲೀಸರು ಬಂದರು, ಓದುಗ ದೀಪವಾರಿಸಿ ಮಲಗಿದನು. ಪತ್ತೇದಾರಿ ಕಥೆ ‘ಯಾರು?’ ಎಂದು ಕೇಳುತ್ತದೆ. ಸೇಡಿನ ಕಥೆ ಕೇಳುವುದು ಬೇರೆಯದನ್ನು: ‘ಗೊತ್ತಾಯಿತು, ಇನ್ನೇನು ಮಾಡುತ್ತೀಯೆ?’

ಈ ಎರಡನೆಯ ಪ್ರಶ್ನೆಗೆ ಕನ್ನಡ ಚಿತ್ರರಂಗ ಕೊಟ್ಟ ಉತ್ತರಗಳು ಒಂದೇ ಬಗೆಯವಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕಥೆಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಭೂತಯ್ಯನ ಮಗ ಅಯ್ಯು’ (1974) ತಲೆಮಾರಿನ ಹಗೆಯ ಕಥೆ. ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ವಿಷ್ಣುವರ್ಧನ್ ಎದುರುಬದುರಾಗಿ ನಿಲ್ಲುತ್ತಾರೆ. ಆದರೆ ಕಥೆಯ ಕೊನೆಯಲ್ಲಿ ಕೂಡುವುದು ಕತ್ತಿಗಳಲ್ಲ, ಮನಸ್ಸುಗಳು. ‘ತಂದೆ ಮಾಡಿದ ತಪ್ಪಿಗೆ ಮಗನನ್ನು ಹಿಡಿಯಬೇಕೇ?’ ಎಂಬ ಪ್ರಶ್ನೆಗೆ ಅದು ‘ಬೇಡ’ ಎಂದು ನಿಚ್ಚಳವಾಗಿ ಹೇಳಿತು.

7 ವರ್ಷಗಳ ತರುವಾಯ ಬಂದ ‘ಅಂತ’ (1981) ಮತ್ತೊಂದು ತುದಿಗೆ ಹೋಯಿತು. ಎಚ್. ಕೆ. ಅನಂತರಾವ್ ಅವರ ಈ ಕಾದಂಬರಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಮನೆಮನೆಯಲ್ಲಿ ಮಾತಾಗಿದ್ದುದು. ರಾಜೇಂದ್ರಸಿಂಗ್ ಬಾಬು ಅವರು ಅದನ್ನು ಅಂಬರೀಷರಿಂದ ತೆರೆಗೆ ತಂದರು. ಕಾನೂನನ್ನು ಕಾಯಬೇಕಾದ ಅಧಿಕಾರಿಯೇ ಕಾನೂನಿನಲ್ಲಿ ನಂಬಿಕೆ ಕಳೆದುಕೊಳ್ಳುವ ಕಥೆಯನ್ನು ಸಭ್ಯ ಗೃಹಸ್ಥರು ವಾರವಾರವೂ ಕಾದು ಓದಿದರು, ಆಮೇಲೆ ಸಾಲುಗಟ್ಟಿ ನೋಡಿದರು. ಅಂದಿನ ಜನರ ಮನಸ್ಸಿನಲ್ಲಿ ಎಷ್ಟು ಲೆಕ್ಕಗಳು ಬಾಕಿಯಿದ್ದವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇತ್ತೀಚಿನ ದಶಕದಲ್ಲಿ ಈ ಕುಲದ ಚಿತ್ರಗಳು ನುಣುಪಾಗಿವೆ, ಒಳಮುಖವಾಗಿವೆ. ಹೇಮಂತ್ ಎಂ. ರಾವ್ ಅವರ ‘ಕವಲುದಾರಿ’ (2019) ಚಿತ್ರದಲ್ಲಿ ನೆಲ ಅಗೆಯುವಾಗ ಸಿಕ್ಕ ತಲೆಬುರುಡೆಗಳು ತುರ್ತುಪರಿಸ್ಥಿತಿಯ ಕಾಲದ ಹಳೆಯ ಪಾಪವನ್ನು ಮೇಲಕ್ಕೆತ್ತುತ್ತವೆ. ಅನಂತನಾಗ್ ನಟಿಸಿದ ನಿವೃತ್ತ ಅಧಿಕಾರಿಯ ಮುಖದಲ್ಲಿ ಆರದ ಹುಣ್ಣೊಂದು ಉಸಿರಾಡುತ್ತದೆ. ಅದೇ ನಿರ್ದೇಶಕರ ‘ಸಪ್ತಸಾಗರದಾಚೆ ಎಲ್ಲೋ’ 2023ರಲ್ಲಿ 2 ಭಾಗಗಳಾಗಿ ಬಂದಿತು. ಯಜಮಾನನ ಮನೆಯವರ ತಪ್ಪನ್ನು ಹಣಕ್ಕಾಗಿ ತನ್ನ ಮೇಲೆ ಹಾಕಿಕೊಂಡು ಸೆರೆಮನೆ ಸೇರಿದವನು, ಎರಡನೆಯ ಭಾಗದಲ್ಲಿ ಹೊರಬಂದು ತನ್ನ ಕಳೆದುಹೋದ ಬದುಕಿನ ಸುತ್ತ ನೆರಳಿನಂತೆ ಅಲೆಯುತ್ತಾನೆ. ಅವನ ವರ್ಷಗಳನ್ನು ಹಿಂದಿರುಗಿಸಲು ಯಾರನ್ನು ಕೊಂದರೂ ಸಾಧ್ಯವಿಲ್ಲ. ಆ ಅಸಾಧ್ಯತೆಯೇ ಚಿತ್ರದ ದುಃಖ.

ಕಡಲ ಕರೆಯ ಕತ್ತಲು

ಆದರೆ ಕನ್ನಡದ ಕಪ್ಪು ಚಿತ್ರಕ್ಕೆ ತನ್ನದೇ ಆದ ಮೈಬಣ್ಣ ಬಂದುದು ಕರಾವಳಿಯಿಂದ. ರಕ್ಷಿತ್ ಶೆಟ್ಟಿಯವರು ನಿರ್ದೇಶಿಸಿ ನಟಿಸಿದ ‘ಉಳಿದವರು ಕಂಡಂತೆ’ (2014) ಮಲ್ಪೆಯ ಬಂದರು, ಕೃಷ್ಣಾಷ್ಟಮಿ, ಹುಲಿವೇಷಗಳ ನಡುವೆ ನಡೆದ ಒಂದು ಸಾವಿನ ಸುದ್ದಿಯನ್ನು ಹಲವರ ಬಾಯಿಂದ ಹಲವು ಬಗೆಯಾಗಿ ಹೇಳಿಸಿತು. ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ (2021) ಮಂಗಳೂರಿನ ಮಂಗಳಾದೇವಿಯ ಬೀದಿಗಳಲ್ಲಿ ಬೆಳೆದ ಹರಿ, ಶಿವ ಎಂಬ ಗೆಳೆಯರಿಬ್ಬರ ಕಥೆ. ಕೊಲೆ ಮಾಡಿದ ಶಿವ ಮಳೆಯಲ್ಲಿ ಹುಲಿಕುಣಿತದ ಹೆಜ್ಜೆ ಹಾಕುವಾಗ ಪ್ರೇಕ್ಷಕನ ಮೈಮೇಲೆ ರೋಮ ನಿಲ್ಲುತ್ತದೆ. ಅದು ಭಯದಿಂದಲೋ ಉತ್ಸಾಹದಿಂದಲೋ ಎಂದು ಅವನೇ ಬಲ್ಲ. ಲಾಸ್ ಏಂಜಲಿಸ್ಸಿನ ಒದ್ದೆ ಬೀದಿಗಳನ್ನು ಅನುಕರಿಸುವ ಅಗತ್ಯ ಈ ನಿರ್ದೇಶಕರಿಗೆ ಬೀಳಲಿಲ್ಲ. ಜೂನ್ ತಿಂಗಳ ಮಳೆ, ಮೀನು ದೋಣಿ, ಹಬ್ಬದ ತಮಟೆ, ಎಲ್ಲವೂ ಮನೆಬಾಗಿಲಲ್ಲೇ ಇದ್ದವು.

ಆ ಎರಡೂ ಚಿತ್ರಗಳಲ್ಲಿ ನಟಿಸಿದ ರಿಷಬ್ ಶೆಟ್ಟಿಯವರ ಊರು ಕುಂದಾಪುರ ತಾಲೂಕಿನ ಕೆರಾಡಿ. ವಂಡ್ಸೆಯವರ ಪಾಲಿಗೆ ನೆರೆಯೂರು. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ಅವರ ‘ಕಾಂತಾರ’ದ ಚಿತ್ರೀಕರಣ ನಡೆದುದು ಅಲ್ಲಿಯೇ. ಆ ಚಿತ್ರವನ್ನು ಯಾರೂ ನಿಯೋ ನುವಾರ್ ಎಂದು ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ. ಆದರೆ ಸೇಡಿನ ಕಥೆಗೆ ಕರಾವಳಿಯ ಮನಸ್ಸು ಕೊಡುವ ಉತ್ತರ ಏನೆಂಬುದು ಅಲ್ಲಿ ಸ್ಪಷ್ಟವಾಗಿದೆ. ದೈವದ ವೇಷ ಕಟ್ಟುವ ಗುರುವನ ಕೊಲೆಯಾಗುತ್ತದೆ. ಊರ ಧಣಿ ನಾಯಕನ ಕೋಪವನ್ನು ಜಾಣತನದಿಂದ ಅರಣ್ಯಾಧಿಕಾರಿಯ ಕಡೆಗೆ ತಿರುಗಿಸುತ್ತಾನೆ. ನಿಜವಾದ ಕೊಲೆಗಾರ ಆ ಧಣಿಯೇ. ನಾಯಕನ ಕೋಪ ನಿಜ, ಗುರಿ ತಪ್ಪು. ಸೇಡಿನ ದೊಡ್ಡ ಅಪಾಯ ಇದೇ ಅಲ್ಲವೇ? ಉರಿಯುವ ಮನಸ್ಸಿಗೆ ಎದುರಿಗೆ ಸಿಕ್ಕವನೇ ಶತ್ರುವಾಗಿ ಕಾಣುತ್ತಾನೆ. ಕಿವಿಯಲ್ಲಿ ಊದುವವನೊಬ್ಬನಿದ್ದರಂತೂ ಮುಗಿಯಿತು.

ಕೊನೆಗೆ ಧಣಿಯನ್ನು ದಂಡಿಸುವುದು ನಾಯಕನ ಮೈಮೇಲೆ ಬಂದ ದೈವ. ಸೇಡು ವ್ಯಕ್ತಿಯ ಕೈಯಿಂದ ಜಾರಿ ಊರಿನ ನ್ಯಾಯವಾಗಿ ಮಾರ್ಪಡುತ್ತದೆ. ಕರಾವಳಿ ಮಲೆನಾಡುಗಳ ಸೀಮೆಯಲ್ಲಿ ಮೋಸಹೋದವರು ದೇವರ ಮುಂದೆ ಹುಯಿಲು ಕೊಡುವ ವಾಡಿಕೆಯುಂಟು. ‘ನನ್ನ ಕೈಲಾಗದು, ನೀನೇ ನೋಡಿಕೊ’ ಎಂದು ಹೊರೆಯನ್ನು ಇಳಿಸಿ ಮನೆಗೆ ನಡೆಯುತ್ತಾರೆ. ಅದು ಹೇಡಿತನವಲ್ಲ. ಕೋಪವನ್ನು ಅಲ್ಲಗಳೆಯದೆ, ಕತ್ತಿಯನ್ನೂ ಎತ್ತದೆ, ಮಲಗಿ ನಿದ್ದೆ ಮಾಡಲು ಜನ ಕಂಡುಕೊಂಡ ದಾರಿ.

ಮಾರಣಕಟ್ಟೆಯ ಸ್ಥಳಪುರಾಣವನ್ನೂ ಇಲ್ಲಿ ನೆನೆಯಬಹುದು. ಕೊಲ್ಲೂರಿನ ದೇವಿ ಮೂಕಾಸುರನನ್ನು ಸಂಹರಿಸಿದ ಸ್ಥಳ ಅದೆಂದೂ, ಮಡಿದ ಆ ಅಸುರನೇ ದೇವಿಯ ಅನುಗ್ರಹದಿಂದ ಬ್ರಹ್ಮಲಿಂಗೇಶ್ವರನಾಗಿ ಪೂಜೆಗೊಳ್ಳುತ್ತಿರುವನೆಂದೂ ಭಕ್ತರ ನಂಬಿಕೆ. ಮಕರ ಸಂಕ್ರಮಣದ ಜಾತ್ರೆಯಲ್ಲಿ ಹೆಮ್ಮಾಡಿಯ ಸೇವಂತಿಗೆ ರಾಶಿರಾಶಿಯಾಗಿ ಅಲ್ಲಿಗೆ ಬರುತ್ತದೆ. ಕೊಂದವಳೇ ಸತ್ತವನಿಗೆ ಪಕ್ಕದಲ್ಲಿ ಪೀಠ ಕೊಟ್ಟಳು ಎಂಬ ಮಾತಿನಲ್ಲಿ ದೊಡ್ಡ ವಿವೇಕವಿದೆ. ದಂಡನೆ ಮುಗಿದ ಮೇಲೆ ಹಗೆಯೂ ಮುಗಿಯಬೇಕು.

3 ತಾಸಿನ ಪ್ರಶ್ನೆ

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ನೌಕಾದಳದ ಅಧಿಕಾರಿ ಕವಾಸ್ ನಾನಾವತಿ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದನು. ಹೆಂಡತಿಯ ಬಾಯಿಂದ ವಿಷಯ ತಿಳಿದ ಮೇಲೆ ಅವನು ಸಂಸಾರವನ್ನು ಚಿತ್ರಮಂದಿರಕ್ಕೆ ಬಿಟ್ಟು, ಹಡಗಿಗೆ ಹೋಗಿ ನೆಪ ಹೇಳಿ ಪಿಸ್ತೂಲು ಪಡೆದು, ಆಮೇಲೆ ಆ ಮನೆಗೆ ಹೋಗಿದ್ದನು. ಮುಂಬಯಿಯ ಜನ ಅವನ ಪರವಾಗಿ ನಿಂತರು. ‘ಬ್ಲಿಟ್ಸ್’ ವಾರಪತ್ರಿಕೆ ಅವನ ಪಕ್ಷ ವಹಿಸಿತು. ಜ್ಯೂರಿಯವರಲ್ಲಿ 8 ಮಂದಿ ನಿರ್ದೋಷಿಯೆಂದರು, ಒಬ್ಬರು ಮಾತ್ರ ಒಪ್ಪಲಿಲ್ಲ. ಆದರೆ ಉಚ್ಚ ನ್ಯಾಯಾಲಯ ಅದನ್ನು ಮನ್ನಿಸದೆ ಜೀವಾವಧಿ ಶಿಕ್ಷೆ ವಿಧಿಸಿತು. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರದ ರಾಜ್ಯಪಾಲರ ಕ್ಷಮಾದಾನದಿಂದ 1964ರಲ್ಲಿ ಅವನ ಬಿಡುಗಡೆಯಾಯಿತು.

ಸುಪ್ರೀಂ ಕೋರ್ಟಿನ ತರ್ಕ ಸರಳವಾದುದು. ತಡೆಯಲಾರದ ಕೆರಳಿಕೆಯಿಂದ ಆ ಕ್ಷಣದಲ್ಲಿಯೇ ಕೈ ಮಿಂಚಿದರೆ ಅಪರಾಧದ ತೂಕ ಇಳಿಯಬಹುದು. ವಿಷಯ ತಿಳಿದುದಕ್ಕೂ ಗುಂಡು ಹಾರಿದುದಕ್ಕೂ ನಡುವೆ ಸುಮಾರು 3 ತಾಸು ಕಳೆದಿತ್ತು. ಮನಸ್ಸು ಹಿಡಿತಕ್ಕೆ ಬರಲು ಅಷ್ಟು ಕಾಲ ಸಾಕು. 1860ರ ದಂಡಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದರೂ ಈ ನಿಯಮ ಉಳಿದುಕೊಂಡಿದೆ. ಥಟ್ಟನೆ ಬಂದ ಸಿಟ್ಟಿಗೆ ಕಾನೂನಿನಲ್ಲಿ ಕೊಂಚ ಕರುಣೆಯುಂಟು, ಸಾಕಿ ಬೆಳೆಸಿದ ಸಿಟ್ಟಿಗೆ ಇಲ್ಲ. ಸೇಡಿನ ಚಿತ್ರಗಳು ನಡೆಯುವುದೆಲ್ಲ ಆ 3 ತಾಸಿನೊಳಗೆ; ಕೆಲವು ಚಿತ್ರಗಳಲ್ಲಿ ಆ 3 ತಾಸು 15 ವರ್ಷಗಳಾಗಿ ಹಿಗ್ಗಿರುತ್ತದೆ. ಹಾವಿನ ಹಗೆ ಹನ್ನೆರಡು ವರ್ಷವೆಂದು ನಂಬಿದ ನಾಡು, ಮನುಷ್ಯನ ಹಗೆಗೆ ವರ್ಷದ ಲೆಕ್ಕವನ್ನೇ ಇಡಲಿಲ್ಲ.

ಮಾತನಾಡದ ಹೆಂಗಸು

ಈ ಚಿತ್ರಗಳ ಮೇಲೆ ಹೊರಿಸಬೇಕಾದ ದೂರೊಂದಿದೆ; ರಕ್ತ ಹೆಚ್ಚೆಂಬುದಲ್ಲ. ಬಹುಪಾಲು ಸೇಡಿನ ಚಿತ್ರಗಳಲ್ಲಿ ಗಂಡಸು ಉಳಿದ ರೀಲುಗಳಲ್ಲೆಲ್ಲ ಕೋಪಿಸಿಕೊಳ್ಳಲೆಂದು ಹೆಂಗಸು ಮೊದಲ ರೀಲುಗಳಲ್ಲಿಯೇ ಸಾಯುತ್ತಾಳೆ. ‘ದಿ ಬಿಗ್ ಹೀಟ್’ನಲ್ಲಿ ಸತ್ತಳು, ‘ಬದ್ಲಾಪುರ್’ನಲ್ಲಿ ಸತ್ತಳು. ಅವಳಿಗೆ ಏನು ಬೇಕಾಗಿತ್ತೆಂದು ಕೇಳುವವರಿಲ್ಲ. ಅವಳು ಗೋಡೆಯ ಮೇಲಿನ ಪಟವಾಗುತ್ತಾಳೆ, ಪಟದ ಮುಂದೆ ಗಂಡಸು ಪ್ರತಿಜ್ಞೆ ಮಾಡುತ್ತಾನೆ. ಇದನ್ನು ವ್ಯಾಸರ ದ್ರೌಪದಿಯೊಡನೆ ಹೋಲಿಸಿ ನೋಡಬೇಕು. ಅವಳು ಸಭೆಯಲ್ಲಿ ಪ್ರಶ್ನಿಸಿದಳು, ದೊರೆಯನ್ನು ಮುಖಕ್ಕೆ ಮುಖ ಕೊಟ್ಟು ಖಂಡಿಸಿದಳು, ನಡುರಾತ್ರಿಯಲ್ಲಿ ಭೀಮನನ್ನು ಎಬ್ಬಿಸಿ ತನ್ನ ಮಾತನ್ನು ಪೂರ್ತಿ ಹೇಳಿದಳು. ನೊಂದವಳೇ ವಾದಿ, ಉಳಿದವರು ಸಾಕ್ಷಿಗಳು.

ಈ ಕೊರತೆಯನ್ನು ಅರಿತ ಚಿತ್ರಗಳೂ ಇಲ್ಲದಿಲ್ಲ. ಸುಜೊಯ್ ಘೋಷ್ ಅವರ ‘ಕಹಾನಿ’ (2012) ದುರ್ಗಾಪೂಜೆಯ ಕಲ್ಕತ್ತೆಯಲ್ಲಿ ಒಂಟಿಯಾಗಿ ಅಲೆಯುವ ಹೆಂಗಸಿನ ಕಥೆ. ಅವಳೇ ಅದರ ಬುದ್ಧಿ, ಅವಳೇ ಅದರ ಬಾಹು. ಪಾರ್ಕ್ ಚಾನ್-ವೂಕನ ‘ಲೇಡಿ ವೆಂಜೆನ್ಸ್’ (2005) ಇನ್ನೂ ಮುಂದೆ ಹೋಗುತ್ತದೆ. ಮಕ್ಕಳನ್ನು ಕೊಂದ ಪಾಪಿಯನ್ನು ಹಿಡಿದು ಕಟ್ಟಿದ ನಾಯಕಿ, ಸತ್ತ ಮಕ್ಕಳ ತಂದೆತಾಯಂದಿರನ್ನು ಕರೆತಂದು ತೀರ್ಮಾನವನ್ನು ಅವರಿಗೆ ಬಿಡುತ್ತಾಳೆ. ಆ ಸಾಮಾನ್ಯ ಗೃಹಸ್ಥರು ಸಾಲಾಗಿ ಕುಳಿತು ತಮ್ಮ ತಮ್ಮ ಸರದಿಗಾಗಿ ಕಾಯುವ ದೃಶ್ಯಕ್ಕಿಂತ ಭಯಂಕರವಾದುದು ಬೇರೊಂದಿಲ್ಲ. ಕೆಲಸ ಮುಗಿಯುತ್ತದೆ, ಮಕ್ಕಳು ಮರಳಿ ಬರುವುದಿಲ್ಲ. ಮಕ್ಕಳಿರುವ ಯಾವ ಪ್ರೇಕ್ಷಕನೂ ಆ ಕೋಣೆಯ ಹೊರಗೆ ನಿಂತು ತೀರ್ಪು ಹೇಳಲಾರ.

ಮನೆಯ ತೂಗುತಕ್ಕಡಿ

ಹಾಗಾದರೆ ಇಂಥ ಚಿತ್ರಗಳನ್ನು ನೋಡಬೇಕೋ ಬೇಡವೋ? ಮಕ್ಕಳ ಮಟ್ಟಿಗೆ ಉತ್ತರ ಸುಲಭ. 2024ರ ಹೊಸ ನಿಯಮಗಳ ಪ್ರಕಾರ ಯು/ಎ ಪ್ರಮಾಣಪತ್ರವನ್ನು 7, 13, 16 ವರ್ಷಗಳೆಂದು 3 ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ಚಿತ್ರಮಂದಿರದ ಬಾಗಿಲಲ್ಲಿ ಕಾಯುವವನು ಇರುತ್ತಾನೆ. ಮೊಬೈಲಿನ ಬಾಗಿಲಲ್ಲಿ ತಂದೆತಾಯಿಯೇ ಕಾಯಬೇಕು. ಹಿರಿಯರ ಮಟ್ಟಿಗೆ ಬೇಕಾದುದು ನಿಷೇಧವಲ್ಲ, ತಕ್ಕಡಿ. ಚಿತ್ರ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರೆ ಸಾಕು: ಸೇಡಿನ ಬೆಲೆಯ ಚೀಟಿಯನ್ನು ಈ ಚಿತ್ರ ತೋರಿಸಿತೇ, ಹರಿದು ಬಿಸುಟಿತೇ?

ಕೀಳು ಚಿತ್ರದಲ್ಲಿ ನಾಯಕ 20 ಮಂದಿಯನ್ನು ಕೊಂದು, ಅಂಗಿ ಕೊಡವಿಕೊಂಡು, ನಾಯಕಿಯ ಕೈ ಹಿಡಿದು ನಡೆಯುತ್ತಾನೆ. ಅಲ್ಲಿ ಕೊಲೆ ಎಂಬುದು ಕೈ ತೊಳೆದರೆ ಹೋಗುವ ಮಸಿ. ಅಂಥದನ್ನು ನೋಡಿ ನೋಡಿ ಸಿಟ್ಟಿಗೆ ಸಲಿಗೆ ಕೊಡುವ ಅಭ್ಯಾಸವಾಗುತ್ತದೆ. ರಸ್ತೆಯಲ್ಲಿ ಕಾರಿಗೆ ಕಾರು ತಾಗಿದರೆ ಕೆಳಗಿಳಿದು ಕೊರಳಪಟ್ಟಿ ಹಿಡಿಯುವವರಲ್ಲಿ ಈ ಸಲಿಗೆ ಕಾಣಸಿಗುತ್ತದೆ. ಒಳ್ಳೆಯ ಕಪ್ಪು ಚಿತ್ರ ಹಾಗಲ್ಲ. ಅದು ಪ್ರೇಕ್ಷಕನ ಬಾಕಿ ಲೆಕ್ಕವನ್ನು ತೀರಿಸುತ್ತದೆ. ತೀರಿಸಿದ ಮೇಲೆ ಉಳಿದ ಶೂನ್ಯವನ್ನೂ ತೋರಿಸುತ್ತದೆ. ‘ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು’ ಎಂಬ ಗಾದೆಯನ್ನು ಮಾತಿನಲ್ಲಿ ಕೇಳಿದರೆ ತಲೆಯಾಡಿಸಿ ಮರೆಯುವುದುಂಟು. ಅದನ್ನೇ 2 ತಾಸು ಕತ್ತಲಲ್ಲಿ ಕುಳಿತು, ಮೂಗು ಕೊಯ್ಯುವವನ ಪಕ್ಷ ವಹಿಸಿ, ಕೊನೆಯಲ್ಲಿ ಅವನೊಡನೆ ತಾನೂ ಬರಿಗೈಯಲ್ಲಿ ನಿಂತು ಕಂಡವನು ಬೇಗ ಮರೆಯುವುದಿಲ್ಲ.

ಸಭ್ಯ ಮನೆಗಳಲ್ಲಿ ಸಿಟ್ಟು ಇರುವುದಿಲ್ಲವೆಂದು ತಿಳಿಯುವುದು ಭ್ರಮೆ. ಅಲ್ಲಿ ಅದಕ್ಕೆ ಕೂರಲು ಜಾಗವಿರುವುದಿಲ್ಲ, ಅಷ್ಟೆ. ತೆರೆಯ ಮೇಲಿನ ಕತ್ತಲು ಅದಕ್ಕೊಂದು ಮಣೆ ಹಾಕಿ ಕೂರಿಸುತ್ತದೆ, ಮಾತನಾಡಿಸುತ್ತದೆ, ಅದರ ದಾರಿ ಕೊನೆಗೆ ಎಲ್ಲಿಗೆ ಮುಟ್ಟುತ್ತದೆಂದು ತೋರಿಸಿ ಕಳಿಸುತ್ತದೆ. ಬೆಳಗಾದ ಮೇಲೆ ಗಂಡ ಕಛೇರಿಗೆ ಹೊರಡುತ್ತಾನೆ, ಹೆಂಡತಿ ಶಾಲೆಯ ಪಾಠಕ್ಕೆ ಹೊರಡುತ್ತಾಳೆ. ಬಡ್ತಿ ಕಸಿದವನು ಎದುರಿನ ಮೇಜಿನಲ್ಲೇ ಕುಳಿತಿರುತ್ತಾನೆ; ಜಮೀನಿನ ವಾಯಿದೆಗೆ ಇನ್ನೂ 2 ತಿಂಗಳಿರುತ್ತದೆ. ಲೆಕ್ಕ ತೀರಿಲ್ಲ. ಆದರೆ ತೀರಿಸಹೊರಟವನ ಗತಿ ಏನಾಯಿತೆಂಬುದು ರಾತ್ರಿಯಷ್ಟೆ ಕಣ್ಣೆದುರಿಗೆ ಬಂದು ಹೋಗಿದೆ. ಅಷ್ಟು ತಿಳಿದವನು ಅರ್ಜಿಯನ್ನು ಮತ್ತೊಮ್ಮೆ ಬರೆಯುತ್ತಾನೆ, ವಕೀಲರಿಗೆ ಮತ್ತೊಮ್ಮೆ ನೆನಪು ಮಾಡುತ್ತಾನೆ. ನ್ಯಾಯ ನಿಧಾನವಾಗಿ ಬರುವ ನಾಡಿನಲ್ಲಿ ಆ ತಾಳ್ಮೆಯೂ ಒಂದು ಬಗೆಯ ಶೌರ್ಯವೇ ಸರಿ.